ಡಿಎನ್‌ಎ ಅಕ್ಷರ ಬದಲಾಗದೆಯೂ ಕ್ಯಾನ್ಸರ್ ಬರುತ್ತಾ? ಎಪಿಜೆನೆಟಿಕ್ಸ್ ಸಂಶೋಧನೆಗೆ ಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ಮಾಲಿಕ್ಯುಲರ್ ಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಯುತ್ತಾ ಬಂದಿದೆ. ಕ್ಯಾನ್ಸರ್ ಎಪಿಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ. ಆದರೆ ಕ್ಯಾನ್ಸರ್ ಎಂದರೆ ಜೀನ್‌ಗಳಲ್ಲಿ ಮ್ಯುಟೇಶನ್ (ಡಿಎನ್‌ಎ ಅಕ್ಷರದ ಬದಲಾವಣೆ) ಆಗುವುದು ಎಂದೇ ಓದಿಕೊಂಡು ಬಂದವನು ನಾನು. ಅಕ್ಷರವೇ ಬದಲಾಗದ ಎಪಿಜೆನೆಟಿಕ್ ಬದಲಾವಣೆಗೆ ಅಲ್ಲಿ ನಿಜವಾಗಿ ಎಷ್ಟು ಜಾಗ ಇದೆ? ಇಡೀ ವೃತ್ತಿಜೀವನ ಕಳೆಯುವಷ್ಟು ವಿಷಯ ಇದೆಯಾ? ದಿನನಿತ್ಯದ ಕೆಲಸ ಹೇಗಿರುತ್ತದೆ?

ಉತ್ತರ: ಮೊದಲ ಪ್ರಶ್ನೆ ಬಿಡಿಸಿದರೆ ಉಳಿದ ಎರಡಕ್ಕೂ ದಾರಿ ಸಿಗುತ್ತದೆ. ಅಲ್ಲಿಂದಲೇ ಹೊರಡುತ್ತೇನೆ.

ಚರ್ಮದ ಕೋಶ, ಲಿವರ್ ಕೋಶ, ಮೆದುಳಿನ ಕೋಶ ಮೂರರಲ್ಲೂ ಇರುವ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಆದರೂ ಲಿವರ್ ಕೋಶ ಒಡೆದು ಎರಡಾದರೆ ಎರಡೂ ಲಿವರ್ ಕೋಶಗಳೇ. ತಾನು ಯಾರು ಎಂಬ ನೆನಪು ಅದರಲ್ಲಿ ಎಲ್ಲೋ ಇರಲೇಬೇಕು, ಅಲ್ವಾ? ಆ ನೆನಪಿನ ಒಂದು ಭಾಗ ಡಿಎನ್‌ಎಗೆ ಅಂಟಿಕೊಂಡಿರುವ ಮೆಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತುಗಳಲ್ಲಿದೆ. ಇನ್ನೊಂದು ಭಾಗ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೊಟೀನ್‌ಗಳ ಮೇಲಿನ ಗುರುತುಗಳಲ್ಲಿದೆ.

ಮೆಥೈಲ್ ಗುಂಪು ಕೂರುವುದು ಮುಖ್ಯವಾಗಿ ಡಿಎನ್‌ಎಯಲ್ಲಿ ಸೈಟೋಸಿನ್ (ಸಿ) ಅಕ್ಷರ ಆದ ಕೂಡಲೇ ಗ್ವಾನಿನ್ (ಜಿ) ಬರುವ ಜಾಗಗಳಲ್ಲಿ. ಇವನ್ನು ಸಿಪಿಜಿ ಎನ್ನುತ್ತೇವೆ. ಮನುಷ್ಯನ ಜೀನೋಮ್‌ನಲ್ಲಿ ಇಂಥ ಸುಮಾರು 2.8 ಕೋಟಿ ಜಾಗಗಳಿವೆ. ಆರೋಗ್ಯವಾಗಿರುವ ಕೋಶದಲ್ಲಿ ಇವುಗಳ ಪೈಕಿ ಹೆಚ್ಚಿನವುಗಳ ಮೇಲೆ ಮೆಥೈಲ್ ಇರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಜೀನ್‌ಗಳು ಶುರುವಾಗುವ ಕಡೆ ಸಿಪಿಜಿಗಳು ಗುಂಪುಗುಂಪಾಗಿವೆ. ಅವೇ ಸಿಪಿಜಿ ದ್ವೀಪಗಳು. ಅಲ್ಲಿ ಸಾಮಾನ್ಯವಾಗಿ ಮೆಥೈಲ್ ಇರುವುದಿಲ್ಲ. ಡಿಎನ್‌ಎ ನಕಲಾಗುವಾಗ ಡಿಎನ್‌ಎಂಟಿ1 ಎಂಬ ಕಿಣ್ವ ಹಳೆಯ ಎಳೆಯ ಗುರುತನ್ನು ನೋಡಿ ಹೊಸ ಎಳೆಯ ಮೇಲೂ ಅದೇ ಗುರುತು ಹಾಕುತ್ತಾ ಹೋಗುತ್ತದೆ. ಅಕ್ಷರ ಬದಲಾಗದಿದ್ದರೂ ಗುರುತು ಮುಂದಿನ ತಲೆಮಾರಿನ ಕೋಶಕ್ಕೆ ಹೋಗುವುದು ಹೀಗೆ.

ಕ್ಯಾನ್ಸರ್ ಕೋಶದಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಜೀನೋಮ್ ಉದ್ದಕ್ಕೂ ಮೆಥೈಲ್ ಕಡಿಮೆಯಾಗುತ್ತದೆ, ಖಾಲಿ ಇರಬೇಕಾದ ಕೆಲವು ದ್ವೀಪಗಳ ಮೇಲೆ ಮಾತ್ರ ಬಂದು ಕೂರುತ್ತದೆ. ಮೊದಲನೆಯದನ್ನು 1983ರಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ತೋರಿಸಿದರು. ಎರಡನೆಯದು ನಂತರದ ವರ್ಷಗಳಲ್ಲಿ ಒಂದೊಂದೇ ಜೀನ್ ಆಗಿ ಹೊರಬಂತು. 1995ರಲ್ಲಿ ಪಿ16 ಎಂಬ ಜೀನ್‌ನ ವಿಷಯ ಗೊತ್ತಾದಾಗ ಇಡೀ ಕ್ಷೇತ್ರದ ಗಮನ ಇತ್ತ ತಿರುಗಿತು. ಕೋಶ ಒಡೆಯುವುದನ್ನು ತಡೆಹಿಡಿಯುವ ಜೀನ್ ಅದು. ಹಲವು ಗಡ್ಡೆಗಳಲ್ಲಿ ಅದರ ಅಕ್ಷರಗಳು ಸರಿಯಾಗಿಯೇ ಇದ್ದವು. ಆದರೆ ಶುರುವಿನ ದ್ವೀಪಕ್ಕೆ ಮೆಥೈಲ್ ಹತ್ತಿ ಜೀನ್ ಸುಮ್ಮನಾಗಿಬಿಟ್ಟಿತ್ತು.

ಇಲ್ಲಿಯವರೆಗೆ ಕೇಳಿದರೆ ಕಥೆ ಸಲೀಸು. ಗಡ್ಡೆಯಲ್ಲಿ ಮೆಥೈಲ್ ಬಂದಿದೆ, ಜೀನ್ ಮುಚ್ಚಿದೆ, ಆದ್ದರಿಂದ ಕ್ಯಾನ್ಸರ್ ಬಂದಿದೆ. ದಯವಿಟ್ಟು ಇಲ್ಲಿ ನಿಲ್ಲಿ. ಈ 'ಆದ್ದರಿಂದ' ಈ ಕ್ಷೇತ್ರದ ಅತಿ ದೊಡ್ಡ ಕಷ್ಟ. ನೀವು ಪಿಎಚ್‌ಡಿಗೆ ಬಂದರೆ ಬಹುಪಾಲು ಹೊತ್ತು ಕಳೆಯುವುದು ಇದೊಂದರ ಜೊತೆಗೇ.

ಯಾಕೆ ಅಂದರೆ, ಒಂದು ಗಡ್ಡೆಯಲ್ಲಿ ನೂರಾರು ದ್ವೀಪಗಳು ಮೆಥೈಲ್ ಪಡೆದಿರುತ್ತವೆ. 2007ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಒಂದೇ ಮಾತು ಹೇಳಿದವು. ಹೀಗೆ ಮೆಥೈಲ್ ಹತ್ತುವ ಜೀನ್‌ಗಳಲ್ಲಿ ಬಹಳಷ್ಟು, ಭ್ರೂಣದ ಕಾಂಡಕೋಶಗಳಲ್ಲೇ, ಜೀನ್‌ಗಳನ್ನು ಸುಮ್ಮನಿರಿಸುವ ಪಾಲಿಕೋಂಬ್ ಎಂಬ ಪ್ರೊಟೀನ್ ಗುಂಪಿನ ಹಿಡಿತದಲ್ಲಿದ್ದ ಜೀನ್‌ಗಳು. ಅಂದರೆ ಅವುಗಳಲ್ಲಿ ಅನೇಕವು ಆರೋಗ್ಯವಂತ ಅಂಗಾಂಶದಲ್ಲೂ ಮೊದಲಿನಿಂದ ಸುಮ್ಮನೇ ಇದ್ದವು. ಮುಚ್ಚಿದ್ದ ಜೀನ್ ಮೇಲೆ ಇನ್ನೊಂದು ಗುರುತು ಬಂದು ಕೂತರೆ ಗಡ್ಡೆಗೆ ಹೊಸ ಲಾಭವೇನೂ ಇಲ್ಲ. ಅದು ಕ್ಯಾನ್ಸರ್‌ನ ಕಾರಣವಲ್ಲ, ಕ್ಯಾನ್ಸರ್ ಹಾದು ಹೋದ ಹೆಜ್ಜೆಗುರುತು.

ಹಾಗಂತ ಎಲ್ಲವೂ ಹೆಜ್ಜೆಗುರುತೇ ಅಂದುಕೊಳ್ಳಬೇಡಿ. ಕಾರಣ ಎಂದು ಗಟ್ಟಿಯಾಗಿ ನಿಂತ ಉದಾಹರಣೆ ಎಂಎಲ್‌ಎಚ್1. ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ಜೋಡಣೆಗಳನ್ನು ತಿದ್ದುವ ತಂಡದಲ್ಲಿ ಈ ಜೀನ್‌ನ ಪ್ರೊಟೀನ್ ಇದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 15% ಗಡ್ಡೆಗಳಲ್ಲಿ ಈ ತಿದ್ದುವ ಕೆಲಸ ನಿಂತುಹೋಗಿರುತ್ತದೆ. ಸ್ವಲ್ಪ ಜನರಲ್ಲಿ ಕಾರಣ ಮನೆತನದಿಂದ ಬಂದ ಮ್ಯುಟೇಶನ್. ಉಳಿದ ಬಹುಪಾಲು ಜನರಲ್ಲಿ ಎಂಎಲ್‌ಎಚ್1 ದ್ವೀಪಕ್ಕೆ ಹತ್ತಿದ ಮೆಥೈಲ್. ಇಂಥ ಕೋಶಗಳಿಗೆ ಮೆಥೈಲ್ ತೆಗೆಯುವ ಔಷಧ ಕೊಟ್ಟಾಗ ಜೀನ್ ಮತ್ತೆ ತೆರೆಯಿತು, ತಿದ್ದುವ ಕೆಲಸವೂ ಮರಳಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಇವತ್ತಿಗೂ ಮಾದರಿ. ಗುರುತು ಕಂಡಿತು, ಗುರುತು ತೆಗೆದರು, ಕೆಲಸ ವಾಪಸ್ ಬಂತು. ಮೂರೂ ಹೆಜ್ಜೆ ಅಲ್ಲಿವೆ.

ಇನ್ನೊಂದು ವಿಷಯ ನೋಡಿ. ಎಂಎಲ್‌ಎಚ್1 ಮುಚ್ಚಿದ ಮೇಲೆ ಆ ಕೋಶದಲ್ಲಿ ಮ್ಯುಟೇಶನ್‌ಗಳು ರಾಶಿ ಬೀಳುತ್ತವೆ. ಎಪಿಜೆನೆಟಿಕ್ ಬದಲಾವಣೆಯೇ ಮ್ಯುಟೇಶನ್‌ಗೆ ಬಾಗಿಲು ತೆಗೆದ ಹಾಗಾಯಿತು. ಉಲ್ಟಾ ದಿಕ್ಕಿನಲ್ಲೂ ಇದು ನಡೆಯುತ್ತದೆ. ಕೆಲವು ಮೆದುಳಿನ ಗಡ್ಡೆಗಳಲ್ಲಿ ಐಡಿಎಚ್1 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಬದಲಾದ ಆ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕವನ್ನು ರಾಶಿಗಟ್ಟಲೆ ಮಾಡುತ್ತದೆ. ಮೆಥೈಲ್ ತೆಗೆಯಲು ಶುರುಮಾಡುವ ಟೆಟ್ ಕಿಣ್ವಗಳನ್ನು ಅದು ಕಟ್ಟಿಹಾಕುತ್ತದೆ. ಟೆಟ್‌ಗಳು ಮಾಡುವ ಕೆಲಸ ಗೊತ್ತಾದದ್ದೇ 2009ರಲ್ಲಿ, ಅಂಜನಾ ರಾವ್ ಅವರ ತಂಡದಿಂದ. ಈ ಒಂದು ಮ್ಯುಟೇಶನ್ ಸಾಕು, ಜೀನೋಮ್ ಉದ್ದಕ್ಕೂ ಮೆಥೈಲ್ ಜಾಸ್ತಿಯಾಗುತ್ತದೆ ಎಂದು 2012ರಲ್ಲಿ ಪ್ರಯೋಗದಲ್ಲೇ ತೋರಿಸಿದರು. ಐಡಿಎಚ್ ತಡೆಯುವ ವೊರಾಸಿಡೆನಿಬ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮ್ಯುಟೇಶನ್ ದೊಡ್ಡದೋ ಎಪಿಜೆನೆಟಿಕ್ಸ್ ದೊಡ್ಡದೋ ಎಂದು ಎರಡು ಪಕ್ಷ ಮಾಡಿಕೊಂಡು ಓದಬೇಡಿ. ಒಂದೇ ಕೋಶದಲ್ಲಿ ಎರಡೂ ಒಂದನ್ನೊಂದು ತಳ್ಳುತ್ತಿರುತ್ತವೆ.

ಹಾಗಾದರೆ ಮ್ಯುಟೇಶನ್ ಇಲ್ಲದೆ, ಬರೀ ಎಪಿಜೆನೆಟಿಕ್ ಬದಲಾವಣೆಯಿಂದ ಗಡ್ಡೆ ಬರಬಹುದಾ? ಹಣ್ಣಿನ ನೊಣದಲ್ಲಿ ಬರಬಹುದು ಎಂದು 2024ರಲ್ಲಿ ಜಾಕೊಮೊ ಕವಾಲಿ ಅವರ ತಂಡ ತೋರಿಸಿತು. ಪಾಲಿಕೋಂಬ್ ಪ್ರೊಟೀನ್‌ಗಳನ್ನು ಸ್ವಲ್ಪ ಕಾಲ ಮಾತ್ರ ಕಡಿಮೆ ಮಾಡಿ, ಮತ್ತೆ ಮೊದಲಿನ ಮಟ್ಟಕ್ಕೆ ತಂದರು. ಪ್ರೊಟೀನ್ ವಾಪಸ್ ಬಂದರೂ ಗಡ್ಡೆ ಬೆಳೆಯುತ್ತಲೇ ಹೋಯಿತು. ಅದಕ್ಕೆ ಕಾರಣವಾಗಬಹುದಾದ ಮ್ಯುಟೇಶನ್ ಸಿಗಲಿಲ್ಲ. ಮನುಷ್ಯರಲ್ಲೂ, ಚಿಕ್ಕ ಮಕ್ಕಳ ಮೆದುಳಿನ ಹಿಂಭಾಗದಲ್ಲಿ ಬರುವ ಒಂದು ಬಗೆಯ ಎಪೆಂಡಿಮೋಮಾ ಗಡ್ಡೆಯಲ್ಲಿ ಪದೇಪದೇ ಕಾಣುವ ಮ್ಯುಟೇಶನ್ ತೀರಾ ಕಡಿಮೆ, ಎಪಿಜೆನೆಟಿಕ್ ಏರುಪೇರು ಮಾತ್ರ ಎದ್ದು ಕಾಣುತ್ತದೆ. ನೊಣದ ಫಲಿತಾಂಶವನ್ನು ನೇರವಾಗಿ ಮನುಷ್ಯರಿಗೆ ಅಂಟಿಸಬಾರದು. ಆದರೂ ನಿಮ್ಮ ಪ್ರಶ್ನೆಗೆ ಇಷ್ಟು ನೇರವಾಗಿ ಮುಖಾಮುಖಿಯಾದ ಪ್ರಯೋಗ ನಾನು ಇನ್ನೊಂದು ಕಂಡಿಲ್ಲ.

ಈಗ ಎರಡನೇ ಪ್ರಶ್ನೆ. ಇಡೀ ವೃತ್ತಿಜೀವನ ಕಳೆಯುವಷ್ಟು ವಿಷಯ ಇದೆಯಾ? ಇದಕ್ಕೆ ಪೀಟರ್ ಜೋನ್ಸ್ ಎಂಬ ಸಂಶೋಧಕರ ಬದುಕನ್ನು ನೋಡಿ ಎನ್ನುತ್ತೇನೆ. ಒಂದು ವಿಚಿತ್ರ ಫಲಿತಾಂಶದ ಬೆನ್ನು ಹತ್ತಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆದವರು ಅವರು.

ಜೋನ್ಸ್ ಹುಟ್ಟಿದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ. ಪಿಎಚ್‌ಡಿ ಲಂಡನ್ ವಿಶ್ವವಿದ್ಯಾಲಯದಿಂದ. 1970ರ ದಶಕದಲ್ಲಿ ಅವರು ಹುಡುಕುತ್ತಿದ್ದದ್ದು ಬೇರೆಯೇ. ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಗಳೇ ಕೋಶಗಳನ್ನು ಕ್ಯಾನ್ಸರ್ ಕಡೆಗೆ ತಿರುಗಿಸುತ್ತವೆಯಾ ಎಂಬ ಪ್ರಶ್ನೆ. ಅದಕ್ಕಾಗಿ ಇಲಿಯ ಭ್ರೂಣದಿಂದ ಬಂದ ಒಂದು ಕೋಶ ಸಾಲಿಗೆ (ಲ್ಯಾಬ್‌ನಲ್ಲಿ ಬೆಳೆಸುತ್ತಾ ಹೋಗುವ ಕೋಶಗಳಿಗೆ) ಔಷಧಗಳನ್ನು ಹಾಕಿ ನೋಡುತ್ತಿದ್ದರು. ಅವುಗಳಲ್ಲಿ ಒಂದು 5-ಅಜಾಸೈಟಿಡಿನ್. 1960ರ ದಶಕದಲ್ಲಿ ಚೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞರು ಮಾಡಿದ ಔಷಧ ಅದು. ಅದನ್ನು ಹಾಕಿದ ತಟ್ಟೆಗಳಲ್ಲಿ ಕೆಲವು ದಿನ ಕಳೆದ ಮೇಲೆ ಉದ್ದನೆಯ, ಹಲವು ನ್ಯೂಕ್ಲಿಯಸ್‌ಗಳಿರುವ ಕೋಶಗಳು ಕಂಡವು. ಅವು ಮಿಡಿಯುತ್ತಿದ್ದವು. ಸ್ನಾಯು!

ಸ್ವಲ್ಪ ಯೋಚಿಸಿ. ಸ್ನಾಯುವಾಗುವ ಲಕ್ಷಣವೇ ಇಲ್ಲದ ಕೋಶಗಳವು. ಹುಡುಕುತ್ತಿದ್ದದ್ದು ಕ್ಯಾನ್ಸರ್. ಕಂಡದ್ದು ಸ್ನಾಯು. ತಟ್ಟೆ ಕೆಟ್ಟಿದೆ, ಬೇರೆ ಕೋಶ ಸೇರಿಕೊಂಡಿದೆ ಎಂದು ಎತ್ತಿ ಎಸೆಯುವುದು ಬಲು ಸುಲಭವಿತ್ತು. ಅವರು ಎಸೆಯಲಿಲ್ಲ. 1977ರಲ್ಲಿ ಕಾನ್‌ಸ್ಟಾಂಟಿನಿಡಿಸ್, ಜೋನ್ಸ್, ಗೆವರ್ಸ್ ಮೂವರೂ ಸೇರಿ ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಶರ್ಲಿ ಟೇಲರ್ ಜೊತೆ ಸೇರಿ ನೋಡಿದಾಗ ಅದೇ ಔಷಧದಿಂದ ಕೊಬ್ಬಿನ ಕೋಶ, ಮೃದ್ವಸ್ಥಿಯ ಕೋಶಗಳೂ ಬಂದವು.

ಯಾಕೆ ಹೀಗೆ? 1980ರಲ್ಲಿ ಜೋನ್ಸ್ ಮತ್ತು ಟೇಲರ್ ಉತ್ತರ ಕೊಟ್ಟರು. ಈ ಔಷಧ ನೋಡಲು ಸೈಟೋಸಿನ್‌ನ ಹಾಗೇ ಇದೆ. ಆದರೆ ಮೆಥೈಲ್ ಕೂರಬೇಕಾದ ಐದನೇ ಜಾಗದಲ್ಲಿ ಇಂಗಾಲದ ಬದಲು ಸಾರಜನಕ ಇದೆ. ಕೋಶ ಅದನ್ನು ಡಿಎನ್‌ಎ ಒಳಗೆ ಸೇರಿಸಿಕೊಂಡಾಗ ಮೆಥೈಲ್ ಬೀಳುವುದು ನಿಲ್ಲುತ್ತದೆ. ಹೇಗೆ ನಿಲ್ಲುತ್ತದೆ ಎನ್ನುವುದು ನಂತರದ ಕೆಲಸಗಳಿಂದ ಸ್ಪಷ್ಟವಾಯಿತು. ಮೆಥೈಲ್ ಹಾಕಲು ಬಂದ ಕಿಣ್ವ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಕೋಶ ಅದನ್ನು ಒಡೆದುಹಾಕುತ್ತದೆ. ಮುಂದಿನ ವಿಭಜನೆಗಳಲ್ಲಿ ಹಳೆಯ ಗುರುತುಗಳು ಮಸುಕಾಗುತ್ತಾ ಹೋಗುತ್ತವೆ. ಮುಚ್ಚಿದ್ದ ಜೀನ್‌ಗಳು ತೆರೆಯುತ್ತವೆ. 1987ರಲ್ಲಿ ಹೆರಾಲ್ಡ್ ವೈಂಟ್ರಾಬ್ ಅವರ ತಂಡ ಇದೇ ಕೋಶಗಳಿಂದ ಮಯೋಡಿ ಎಂಬ ಜೀನ್ ಹುಡುಕಿ ತೆಗೆಯಿತು. ಅದೊಂದೇ ಸಾಕು, ಕೋಶ ಸ್ನಾಯುವಾಗುತ್ತದೆ.

ಔಷಧದ ಕಥೆ ಮಾತ್ರ ಬೇರೆ ದಾರಿಯಲ್ಲಿ ನಡೆಯಿತು. ಶುರುವಿನಲ್ಲಿ ವೈದ್ಯರು ಇದನ್ನು ಮಾಮೂಲಿ ಕೀಮೋ ಎಂದೇ ಬಳಸಿದರು. ರೋಗಿ ತಡೆದುಕೊಳ್ಳುವಷ್ಟು ದೊಡ್ಡ ಡೋಸ್ ಕೊಡುತ್ತಿದ್ದರು. ಕೋಶಗಳು ಸತ್ತವು, ರೋಗಿಗಳೂ ಬಳಲಿದರು. ಆದರೆ ಈ ಔಷಧ ಮೆಥೈಲ್ ಅಳಿಸಬೇಕಾದರೆ ಕೋಶ ಬದುಕಿರಬೇಕು, ಡಿಎನ್‌ಎ ನಕಲು ಮಾಡಬೇಕು, ಒಡೆಯಬೇಕು. ಕೊಂದುಬಿಟ್ಟರೆ ಏನು ಅಳಿಸುವುದು? ಕಡಿಮೆ ಡೋಸ್, ಹೆಚ್ಚು ಕಾಲ ಎಂಬ ತಿಳಿವಳಿಕೆ ನೆಲೆಯೂರಲು ವರ್ಷಗಳೇ ಹಿಡಿದವು. ಕೊನೆಗೆ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಮಯೆಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್‌ಗೆ ಒಪ್ಪಿತು. ಮೂಳೆಮಜ್ಜೆಯಲ್ಲಿ ರಕ್ತದ ಕೋಶಗಳು ಸರಿಯಾಗಿ ಬಲಿಯದ ಕಾಯಿಲೆ ಅದು. 2006ರಲ್ಲಿ ಇದರ ಹತ್ತಿರದ ಸಂಬಂಧಿ ಡೆಸಿಟಬಿನ್ ಬಂತು. 2009ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಅಪಾಯ ಹೆಚ್ಚಿರುವ ರೋಗಿಗಳ ನಡುಗಣ (ಮೀಡಿಯನ್) ಬದುಕಿನ ಅವಧಿ ಮಾಮೂಲಿ ಚಿಕಿತ್ಸೆಯಲ್ಲಿ 15 ತಿಂಗಳು, ಅಜಾಸೈಟಿಡಿನ್‌ನಲ್ಲಿ 24.5 ತಿಂಗಳು. ತಟ್ಟೆಯಲ್ಲಿ ಸ್ನಾಯು ಕಂಡಾಗ ಇದನ್ನು ಯಾರೂ ಊಹಿಸಿರಲಿಲ್ಲ.

ಅಷ್ಟಕ್ಕೇ ಮುಗಿಯಿತಾ? ಇಲ್ಲ. ಔಷಧ ಕೆಲಸ ಮಾಡುವುದು ನಿಜಕ್ಕೂ ಯಾವ ದಾರಿಯಲ್ಲಿ ಎಂಬ ಪ್ರಶ್ನೆ ಉಳಿದೇ ಇತ್ತು. ಮುಚ್ಚಿದ್ದ ಕ್ಯಾನ್ಸರ್ ತಡೆ ಜೀನ್‌ಗಳು ತೆರೆಯುವುದರಿಂದ ಎಂದು ಎಲ್ಲರೂ ಅಂದುಕೊಂಡಿದ್ದರು. 2015ರಲ್ಲಿ ಎರಡು ತಂಡಗಳು ಇನ್ನೊಂದು ದಾರಿ ತೋರಿಸಿದವು. ಒಂದು ಸ್ಟೀಫನ್ ಬೇಲಿನ್ ಅವರದು. ಇನ್ನೊಂದು, ಹಿಂದೆ ಜೋನ್ಸ್ ಲ್ಯಾಬ್‌ನಲ್ಲೇ ಪೋಸ್ಟ್‌ಡಾಕ್ ಆಗಿದ್ದ ಡೇನಿಯಲ್ ಡಿ ಕಾರ್ವಾಲೋ ಅವರದು. ನಮ್ಮ ಜೀನೋಮ್‌ನಲ್ಲಿ ಸುಮಾರು 8% ಭಾಗ ಹಳೆಯ ರೆಟ್ರೊವೈರಸ್‌ಗಳ ಉಳಿಕೆ. ಮೆಥೈಲ್ ಅವುಗಳನ್ನು ಅದುಮಿಟ್ಟಿರುತ್ತದೆ. ಔಷಧ ಮೆಥೈಲ್ ಅಳಿಸಿದಾಗ ಅವು ಎಚ್ಚರಗೊಂಡು ಎರಡೆಳೆಯ ಆರ್‌ಎನ್‌ಎ ಮಾಡುತ್ತವೆ. ಕೋಶ ಅದನ್ನು ನೋಡಿ ವೈರಸ್ ಬಂದಿದೆ ಎಂದು ಇಂಟರ್‌ಫೆರಾನ್ ಎಂಬ ರೋಗನಿರೋಧಕ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. 1960ರ ದಶಕದ ಔಷಧಕ್ಕೆ 2015ರಲ್ಲಿ ಹೊಸ ವಿವರಣೆ! ಈ ಕ್ಷೇತ್ರದ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ. ಮುಗಿಯಿತು ಅಂದುಕೊಂಡ ಪ್ರಶ್ನೆ ಇಲ್ಲಿ ಮತ್ತೆ ತೆರೆದುಕೊಳ್ಳುತ್ತದೆ.

ಇಷ್ಟಾದರೂ ಒಂದು ಮಿತಿ ಹೇಳಲೇಬೇಕು. ರಕ್ತದ ಕಾಯಿಲೆಗಳಲ್ಲಿ ಸಿಕ್ಕ ಗೆಲುವು ಶ್ವಾಸಕೋಶ, ಸ್ತನ, ಕರುಳಿನಂಥ ಗಟ್ಟಿ ಗಡ್ಡೆಗಳಲ್ಲಿ ಸಿಕ್ಕಿಲ್ಲ. ಔಷಧ ಜೀನೋಮ್ ಉದ್ದಕ್ಕೂ ಅಳಿಸುತ್ತದೆ, ಬೇಕಾದ ಜೀನ್ ಒಂದನ್ನೇ ಆರಿಸುವುದಿಲ್ಲ. ಕೊಡುವುದು ನಿಲ್ಲಿಸಿದರೆ ಮೆಥೈಲ್ ಮತ್ತೆ ಬಂದು ಕೂರುತ್ತದೆ. ನಿಮ್ಮ ತಲೆಮಾರಿಗೆ ಉಳಿದಿರುವ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಅದಕ್ಕೆ ಹೋಲಿಸಿದರೆ ರೋಗ ಗುರುತಿಸುವ ಕಡೆ ಎಪಿಜೆನೆಟಿಕ್ಸ್ ಬೇಗ ಮುಂದೆ ಹೋಗಿದೆ. ಇಲ್ಲಿ ಒಂದು ಅನುಕೂಲ ಇದೆ. ಗುರುತು ಕಾರಣವಾಗಿರಬೇಕಿಲ್ಲ, ಹೆಜ್ಜೆಗುರುತಾದರೂ ಸಾಕು, ನಂಬುವಂತಿರಬೇಕು ಅಷ್ಟೆ. 2018ರಲ್ಲಿ ಹೈಡೆಲ್‌ಬರ್ಗ್‌ನ ಸಂಶೋಧಕರ ಮುಂದಾಳತ್ವದಲ್ಲಿ ಮೆದುಳಿನ ಗಡ್ಡೆಗಳನ್ನು ಮೆಥೈಲ್ ವಿನ್ಯಾಸದಿಂದಲೇ ವಿಂಗಡಿಸುವ ವಿಧಾನ ಬಂತು. ಹೊಸ ರೋಗಿಗಳ ಮೇಲೆ ಬಳಸಿದಾಗ ಸುಮಾರು 12% ಮಂದಿಯಲ್ಲಿ ಮೈಕ್ರೋಸ್ಕೋಪ್ ನೋಡಿ ಕೊಟ್ಟಿದ್ದ ರೋಗದ ಹೆಸರೇ ಬದಲಾಯಿತು. ಗಡ್ಡೆಯ ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗಬಹುದು. ಒಂದು ಕುಟುಂಬಕ್ಕೆ ಅದು ಎಷ್ಟು ದೊಡ್ಡ ವಿಷಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದಿನನಿತ್ಯದ ಕೆಲಸ. ಅದು ನಿಧಾನದ ಕೆಲಸ. ಮೆಥೈಲ್ ಓದಲು ಹೆಚ್ಚು ಬಳಸುವ ದಾರಿ ಬೈಸಲ್ಫೈಟ್ ಎಂಬ ರಾಸಾಯನಿಕ. ಡಿಎನ್‌ಎಗೆ ಅದನ್ನು ಹಾಕಿದರೆ ಮೆಥೈಲ್ ಇಲ್ಲದ ಸೈಟೋಸಿನ್ ಯುರಾಸಿಲ್ ಆಗುತ್ತದೆ, ಸೀಕ್ವೆನ್ಸಿಂಗ್‌ನಲ್ಲಿ 'ಟಿ' ಎಂದು ಕಾಣುತ್ತದೆ. ಮೆಥೈಲ್ ಇರುವುದು 'ಸಿ' ಆಗಿಯೇ ಉಳಿಯುತ್ತದೆ. 1992ರಲ್ಲಿ ಬಂದ ಈ ವಿಧಾನ ಕ್ಷೇತ್ರದ ಬೆನ್ನೆಲುಬು. ಆದರೆ ರಾಸಾಯನಿಕ ಕ್ರಿಯೆ ಪೂರ್ತಿ ಆಗದಿದ್ದರೆ ಮೆಥೈಲ್ ಇಲ್ಲದ ಜಾಗದಲ್ಲೂ ಮೆಥೈಲ್ ಇದೆ ಎಂದೇ ತೋರುತ್ತದೆ. ಅದಕ್ಕೇ ಮೆಥೈಲ್ ಇಲ್ಲವೆಂದು ಗೊತ್ತಿರುವ ಲ್ಯಾಂಬ್ಡಾ ವೈರಸ್‌ನ ಡಿಎನ್‌ಎಯನ್ನು ಪ್ರತಿ ಸ್ಯಾಂಪಲ್‌ಗೂ ಬೆರೆಸಿ ಪರೀಕ್ಷಿಸುತ್ತೇವೆ. ಇನ್ನೊಂದು ಮಿತಿ, ಟೆಟ್ ಕಿಣ್ವ ಮಾಡುವ ಹೈಡ್ರಾಕ್ಸಿಮೆಥೈಲ್ ಕೂಡ ಇದರಲ್ಲಿ ಮೆಥೈಲ್‌ನಂತೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಬಲೆ ಕೋಶಗಳ ಬೆರಕೆ. ಗಡ್ಡೆಯ ತುಂಡಿನಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಬಿಳಿ ರಕ್ತಕಣ, ರಕ್ತನಾಳ, ನಾರಿನ ಕೋಶ ಎಲ್ಲ ಇರುತ್ತವೆ. ಎರಡು ಸ್ಯಾಂಪಲ್‌ಗಳಲ್ಲಿ ಮೆಥೈಲ್ ಬೇರೆಯಾಗಿ ಕಂಡರೆ ಕೋಶವೇ ಬದಲಾಗಿದೆಯೋ, ಬೆರಕೆಯ ಪ್ರಮಾಣ ಮಾತ್ರ ಬದಲಾಗಿದೆಯೋ ಎಂದು ಮೊದಲು ಕೇಳಬೇಕು. ಈ ಪ್ರಶ್ನೆ ಕೇಳದೆ ಪ್ರಕಟವಾದ ಲೇಖನಗಳು ಕಡಿಮೆಯೇನಿಲ್ಲ. ಲ್ಯಾಬ್‌ನಲ್ಲಿ ಬೆಳೆಸುವ ಕೋಶ ಸಾಲುಗಳಲ್ಲಂತೂ ದ್ವೀಪಗಳ ಮೆಥೈಲ್ ನಿಜವಾದ ಗಡ್ಡೆಗಿಂತ ಜಾಸ್ತಿ ಇರುವುದು ಮಾಮೂಲು. ಅಲ್ಲಿ ಕಂಡದ್ದನ್ನು ರೋಗಿಯ ಗಡ್ಡೆಯಲ್ಲಿ ನೋಡದೆ ನಂಬಬೇಡಿ.

ಕಾರಣ ಯಾವುದು, ಹೆಜ್ಜೆಗುರುತು ಯಾವುದು ಎಂದು ಬೇರ್ಪಡಿಸಲು ಈಗ ನಿಮ್ಮ ಕೈಲಿ ಜೋನ್ಸ್ ಕಾಲದಲ್ಲಿ ಇಲ್ಲದ ಸಾಧನ ಇದೆ. ಬೇಕಾದ ಜಾಗದಲ್ಲಿ ಡಿಎನ್‌ಎ ಕತ್ತರಿಸುವ ಕ್ಯಾಸ್9 ಎಂಬ ಪ್ರೊಟೀನನ್ನು ಕತ್ತರಿಸದಂತೆ ಮಾಡಿ, ಅದಕ್ಕೆ ಮೆಥೈಲ್ ಹಾಕುವ ಕಿಣ್ವವನ್ನೋ ತೆಗೆಯುವ ಟೆಟ್ ಕಿಣ್ವವನ್ನೋ ಜೋಡಿಸಿ, ಬೇಕಾದ ಒಂದು ಜೀನ್‌ಗೆ ಕಳಿಸಬಹುದು. 2016ರಿಂದ ಈ ದಾರಿ ಚೆನ್ನಾಗಿ ತೆರೆದುಕೊಂಡಿದೆ. ಆರೋಗ್ಯವಾಗಿರುವ ಕೋಶದಲ್ಲಿ ಆ ಒಂದು ದ್ವೀಪಕ್ಕೆ ಮೆಥೈಲ್ ಹಾಕಿ. ಜೀನ್ ಮುಚ್ಚುತ್ತಾ? ಕೋಶದ ನಡತೆ ಬದಲಾಗುತ್ತಾ? ತೆಗೆದರೆ ವಾಪಸ್ ಬರುತ್ತಾ? ಜೀನೋಮ್ ಉದ್ದಕ್ಕೂ ಅಳಿಸುವ ಔಷಧದಿಂದ ಇಷ್ಟು ಚೊಕ್ಕ ಉತ್ತರ ಸಿಗುವುದಿಲ್ಲ. ಇಲ್ಲಿಯೂ ಕಿಣ್ವ ಬೇರೆ ಕಡೆ ಹೋಗಿ ಕೂರುವುದುಂಟು, ಅದನ್ನೂ ನೋಡಿಕೊಳ್ಳಬೇಕು.

ಲ್ಯಾಬ್ ಆರಿಸುವಾಗ ಹೆಸರಿಗಿಂತ ಇದನ್ನು ನೋಡಿ. ಅಲ್ಲಿನವರು ಪ್ರಕಟಿಸಿದ ಲೇಖನಗಳಲ್ಲಿ ಮೆಥೈಲ್ ಮತ್ತು ಜೀನ್ ಚಟುವಟಿಕೆಯ ಹೊಂದಾಣಿಕೆ ತೋರಿಸಿ ನಿಲ್ಲಿಸಿದ್ದಾರಾ, ಗುರುತು ಬದಲಿಸಿ ಪರಿಣಾಮ ನೋಡಿದ್ದಾರಾ? ಸಂದರ್ಶನದಲ್ಲಿ ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಲು ಬಿಡಿ ಎಂದು ಕೇಳಿ. ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂದಾಗ ಗೈಡ್ ಏನು ಮಾಡುತ್ತಾರೆ ಎಂದು ಅವರನ್ನು ವಿಚಾರಿಸಿ. ಇನ್ನೊಂದು ಸಲ ಮಾಡಿ ನೋಡೋಣ, ಯಾಕೆ ಹೀಗಾಯಿತು ಅಂತ ತಿಳಿಯೋಣ ಎನ್ನುವ ಗೈಡ್ ಸಿಕ್ಕರೆ ಅಲ್ಲಿಗೆ ಹೋಗಿ. ಬೇಕಾದ ಚಿತ್ರ ಬರುವವರೆಗೆ ಪ್ರಯೋಗ ಮಾಡಿಸುವ ಕಡೆ ಹೋಗಬೇಡಿ, ಎಷ್ಟೇ ದೊಡ್ಡ ಹೆಸರಿದ್ದರೂ.

ಪಿಎಚ್‌ಡಿಗೆ ಸೇರುವ ಮುಂಚೆ ಒಂದು ಕೆಲಸ ಮಾಡಿ. ಆರ್ ಭಾಷೆ ಕಲಿಯಿರಿ, ಇಲ್ಲಾಂದ್ರೆ ಪೈಥಾನ್. ಟಿಸಿಜಿಎ ಎಂಬ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯ ಸಂಸ್ಕರಿಸಿದ ಮೆಥೈಲೇಶನ್ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳುವಂತಿದೆ. ಅದರಲ್ಲಿ ದೊಡ್ಡ ಕರುಳಿನ ಗಡ್ಡೆಗಳನ್ನು ತೆಗೆದುಕೊಂಡು ಎಂಎಲ್‌ಎಚ್1 ದ್ವೀಪದ ಮೆಥೈಲ್ ಒಂದು ಕಡೆ, ಅದೇ ಜೀನ್‌ನ ಆರ್‌ಎನ್‌ಎ ಪ್ರಮಾಣ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿ. ಆಮೇಲೆ ಅದೇ ಗಡ್ಡೆಗಳಲ್ಲಿ ಮೆಥೈಲ್ ಜಾಸ್ತಿಯಾದ ಬೇರೆ ಹತ್ತು ಜೀನ್‌ಗಳಿಗೂ ಹಾಗೇ ಮಾಡಿ. ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿ ಆ ಜೀನ್‌ಗಳು ಮೊದಲೇ ಮುಚ್ಚಿದ್ದವಾ ಎಂದು ನೋಡಿ. ಈ ಗ್ರಾಫ್‌ಗಳನ್ನು ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ. ಯಾವ ಜೀನ್ ಮೇಲೆ ಕೆಲಸ ಮಾಡಬಹುದು, ಯಾವುದರ ಮೇಲೆ ಬೇಡ, ಯಾಕೆ ಎಂದು ಅದನ್ನು ಮುಂದಿಟ್ಟುಕೊಂಡೇ ಗೈಡ್ ಜೊತೆ ಮಾತಾಡಿ.